ದಿಂಬು ಯಾವ ಊರಿನದು

ಎನಕ್ ಸ್ಪರ್ಲ್‌ನ ಗೋರಿಯ ಮೇಲೆ "ಬಡವರ ಬಂಧು" ಎಂದು ಕೆತ್ತಿಸಿದ್ದಾರೆ. ಓದಲು ಬಾರದ ನನಗೆ ಪಾದ್ರಿಗಳೇ ಬೆರಳಿಟ್ಟು ಓದಿ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಗೋರಿಗಳ ನಡುವೆ ನಿಂತು ಹೀಗೆ ನಗಬಾರದು ಎಂದು ಅವರು ಮುಖ ಗಂಟಿಕ್ಕಿದರು.

"ಏನ್ ಮಾಡ್ಲಿ ಸ್ವಾಮಿ, ಇದನ್ನ ಅವನೇ ಓದಿದ್ರೆ ಅವನಿಗೂ ನಗು ಬರ್ತಿತ್ತು" ಅಂದೆ.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಬದುಕಿದ್ದಾಗ ಆಡೋಣವೆಂದರೆ ಅವನು ಅಧಿಕಾರದಲ್ಲಿದ್ದ. ಹಾಗಾದರೆ ನಮ್ಮಂಥವರು ಆಡುವುದು ಯಾವಾಗ? ಈಗಲೇ ಆಡುತ್ತೇನೆ. ನಾನು ಹೆಸ್ಟರ್ ಲಗ್, ಕೋಲ್ಡರ್ಟನ್ನಿನ ಸೂಲಗಿತ್ತಿ. ಮೂವತ್ತೆಂಟು ವರ್ಷ ಈ ಊರಿನಲ್ಲಿ ಹುಟ್ಟಿದವರೆಲ್ಲ ಮೊದಲು ಬಿದ್ದದ್ದು ನನ್ನ ಕೈಗೆ. ಇಲ್ಲಿ ಹುಟ್ಟಬಾರದೆಂದು ಸ್ಪರ್ಲ್ ಊರಾಚೆ ಅಟ್ಟಿದ ಕೂಸುಗಳೂ ನನ್ನ ಕೈಗೇ ಬಿದ್ದವು.

ಸ್ಪರ್ಲ್ ಕುರಿಕೊಬ್ಬು ಕಾಯಿಸಿ ಮೇಣದಬತ್ತಿ ಮಾಡುವವನು. ಅವನು ಬೀದಿಯ ಆ ತುದಿಗೆ ಬಂದರೆ ಈ ತುದಿಯಲ್ಲಿ ನಾವು ಮೂಗು ಮುಚ್ಚಿಕೊಳ್ಳುತ್ತಿದ್ದೆವು. ಮದುವೆಯಿಲ್ಲ, ಮಕ್ಕಳಿಲ್ಲ, ಕೊಟ್ಟಿಗೆಯಲ್ಲಿ ಒಂದು ಹಸುವನ್ನಾದರೂ ಕಟ್ಟಿದವನಲ್ಲ. ಹೆಂಗಸರ ವಿಷಯ ಎತ್ತಿದರೆ ಕಿವಿ ಕೆಂಪಗಾಗುವ ಗಂಡಸರಿರುತ್ತಾರಲ್ಲ, ಆ ಪೈಕಿ. ಬಸುರಿ ಹೆಂಗಸು ಎದುರಿಗೆ ಬಂದರೆ ಟೋಪಿ ಕೆಳಗೆಳೆದು ಗೋಡೆ ನೋಡಿಕೊಂಡು ದಾಟುತ್ತಿದ್ದ. ಇಂಥವನನ್ನು ಹುಡುಕಿ ಹಿಡಿದು ನಮ್ಮ ಚರ್ಚಿನ ಪಂಚಾಯಿತಿಯ ಹಿರಿಯರು ಬಡವರ ಮೇಲ್ವಿಚಾರಕನನ್ನಾಗಿ ನೇಮಿಸಿದರು. ಊರಿನ ತೆರಿಗೆ ಹಣದಲ್ಲಿ ದಿಕ್ಕಿಲ್ಲದವರನ್ನು ಸಾಕುವ ಒಂದು ವರ್ಷದ ಹುದ್ದೆ, ಸಂಬಳವಿಲ್ಲ. ಬೇರೆಯವರಾಗಿದ್ದರೆ ಯಾವಾಗ ಕಳಚಿಕೊಂಡೇನೋ ಎಂದು ಒದ್ದಾಡುತ್ತಿದ್ದರು. ಇವನು ಹದಿನಾಲ್ಕು ವರ್ಷ ಅಂಟಿಕೊಂಡು ಕೂತ.

ಕಾನೂನು ಹೇಳುತ್ತಿದ್ದುದು ಇಷ್ಟೇ. ಮದುವೆಯಾಗದ ಹೆಣ್ಣು ಹೆತ್ತ ಕೂಸು ಯಾವ ಊರಿನ ನೆಲದ ಮೇಲೆ ಹುಟ್ಟುತ್ತದೋ ಆ ಊರಿಗೆ ಸೇರಿದ್ದು. ಅದಕ್ಕೆ ಅನ್ನ ಬಟ್ಟೆ ಕೊಡಬೇಕಾದ್ದು ಆ ಊರು. ಏಳು ವರ್ಷದವರೆಗೆ ಕೂಸು ತಾಯಿಯ ಹತ್ತಿರ ಇರಬಹುದು. ಏಳು ತುಂಬಿತೋ, ಅದನ್ನು ಅದರ ಊರಿನವರು ದಿಕ್ಕಿಲ್ಲದವರಿಗೆಂದು ನಡೆಸುವ ಬಡವರ ಮನೆಗೆ ಸಾಗಿಸಬಹುದು. ತಾಯಿ ಬೇರೆ ಊರಿಗೆ ಸೇರಿದವಳಾದರೆ ಅವಳು ತನ್ನ ಊರಿನಲ್ಲೇ ಉಳಿಯಬೇಕು. ಲಂಡನ್ನಿನಲ್ಲಿ ಕೂತು ಇದನ್ನು ಬರೆದ ಮಹಾನುಭಾವರು ತಮ್ಮ ಮಕ್ಕಳನ್ನು ಏಳು ವರ್ಷಕ್ಕೆ ಎಲ್ಲಿಗೂ ಗಾಡಿಯಲ್ಲಿ ಕಳಿಸಿದ್ದನ್ನು ನಾನು ಕೇಳಿಲ್ಲ.

ಇಷ್ಟು ಗೊತ್ತಾದ ಮೇಲೆ ಸ್ಪರ್ಲ್‌ನಂಥವನು ಏನು ಮಾಡುತ್ತಾನೆ? ಒಂದು ಗಾಡಿ ಇಟ್ಟುಕೊಂಡ. ಬತ್ತಿ ಮಾರುವ ಗಾಡಿಯೇ. ಎಡಗಡೆಯ ಚಕ್ರ ಹಂದಿಮರಿಯ ಹಾಗೆ ಕಿರುಚುತ್ತಿತ್ತು. ಯಾವ ಕೆಲಸದ ಹುಡುಗಿಯ ಹೊಟ್ಟೆ ಮುಂದೆ ಬಂದರೂ ಆ ಗಾಡಿ ಅವಳ ಬಾಗಿಲಿಗೆ ಹೋಗಿ ನಿಲ್ಲುತ್ತಿತ್ತು. ಸೇತುವೆ ದಾಟಿದರೆ ಮಿಂಚಮ್. ಅಲ್ಲಿ ಬೇಲಿಯ ಮಗ್ಗುಲಲ್ಲಿ ಹೆತ್ತರೂ ಸರಿ, ಹುಲ್ಲಿನ ಬಣವೆಯ ಹಿಂದೆ ಹೆತ್ತರೂ ಸರಿ, ಕೋಲ್ಡರ್ಟನ್ನಿನ ಮೇಲೆ ಭಾರ ಬೀಳಬಾರದು. "ನನ್ನ ಕಾಲದಲ್ಲಿ ಒಂದೇ ಒಂದು ಬೇವಾರ್ಸಿ ಕೂಸು ನಮ್ಮೂರಲ್ಲಿ ಹುಟ್ಟಿಲ್ಲ" ಎಂದು ಹೆಂಡದಂಗಡಿಯಲ್ಲಿ ಎದೆ ಉಬ್ಬಿಸಿ ಹೇಳಿಕೊಳ್ಳುತ್ತಿದ್ದ. ಹಿರಿಯರು ತಲೆದೂಗುತ್ತಿದ್ದರು. ಥೂ!

ಜೂಡಿತ್ ಎಂಬ ಕೆಲಸದ ಹುಡುಗಿಯ ವಿಷಯ ಹೇಳಬೇಕು, ಹೇಳಲು ನನಗೆ ನಾಚಿಕೆಯಾದರೂ. ಹೆರಿಗೆ ನೋವು ಬಂದವಳನ್ನೇ ಅವನು ಗಾಡಿಗೆ ಹಾಕಿದ. ನಾನು ಪಕ್ಕದಲ್ಲಿ ಕೂತೆ. ಸೇತುವೆ ದಾಟಿ ಐವತ್ತು ಹೆಜ್ಜೆಗೆ ಮಿಂಚಮ್ಮಿನ ಬೇಲಿಯ ಬುಡದಲ್ಲಿ ಗಂಡು ಮಗು ಹುಟ್ಟಿತು. ಜೋಬಿ ಎಂದು ಹೆಸರಿಟ್ಟಳು. "ಎಲ್ಲಿ ಹುಟ್ತು?" ಎಂದು ನ್ಯಾಯಾಧಿಕಾರಿಗಳು ಕೇಳಿದಾಗ ಬೈಬಲ್ ಮುಟ್ಟಿ "ಸೇತುವೆ ಆಚೆ" ಅಂದೆ. ಸುಳ್ಳೇನಲ್ಲ. ಆದರೆ ಈಚೆ ಅಂದಿದ್ದರೆ ನನ್ನ ನಾಲಿಗೆ ಉದುರಿ ಹೋಗುತ್ತಿರಲಿಲ್ಲ. ಸ್ಪರ್ಲ್ ನನಗೆ ಊರಿನ ಹೆರಿಗೆ ಕೆಲಸ ತಪ್ಪಿಸಿಬಿಡುತ್ತಾನೆಂದು ಹೆದರಿದ್ದೆ. ಏಳು ವರ್ಷ ಜೋಬಿ ನನ್ನ ಬಾಗಿಲ ಮುಂದೆ ಆಡಿದ, ನನ್ನ ಕೈಯಿಂದ ಬಿಸಿ ಬ್ರೆಡ್ಡಿನ ತುದಿ ಕಿತ್ತುಕೊಂಡು ತಿಂದ. ಏಳು ತುಂಬಿದ ಬೆಳಿಗ್ಗೆ ಎಡಚಕ್ರ ಕಿರುಚುತ್ತಾ ಬಂತು. ಜೂಡಿತ್ ಸೇತುವೆಯವರೆಗೂ ಗಾಡಿಯ ಹಿಂದೆ ಓಡಿದಳು. ಮುಂದಿನ ವಾರ ನೋಡಲು ಹೋದರೆ ಮಿಂಚಮ್ಮಿನವರು ಅವನನ್ನು ಉತ್ತರದ ಕಡೆಯ ಯಾವುದೋ ಹತ್ತಿ ಗಿರಣಿಗೆ ಕಳಿಸಿಬಿಟ್ಟಿದ್ದರು. ಯಾವ ಗಿರಣಿ ಎಂದು ಯಾರಿಗೂ ನೆನಪಿರಲಿಲ್ಲ. ಅವಳೂ ಉತ್ತರದ ದಾರಿ ಹಿಡಿದಳು. ಇಬ್ಬರ ಸುದ್ದಿಯೂ ಇವತ್ತಿನವರೆಗೆ ಇಲ್ಲ.

ಇನ್ನು ಡಾರ್ಕಸ್ ಅಜ್ಜಿಯ ಮಂಚ. ಸೇತುವೆಯ ಈಚೆ, ಕಲ್ಲೆಸೆಯುವಷ್ಟು ದೂರದಲ್ಲಿ ಅವಳ ಗುಡಿಸಲು. ಎರಡು ಊರಿನ ಗಡಿ ಅಲ್ಲಿ ಹೊಳೆಯನ್ನು ಬಿಟ್ಟು ಈಚೆಗೆ ಬಾಗಿ, ಸರಿಯಾಗಿ ಅದರ ನಡುವೆ ಹಾದು ಹೋಗುತ್ತದೆ. ಪ್ರತಿ ವರ್ಷ ಏಸು ಸ್ವರ್ಗಕ್ಕೇರಿದ ಹಬ್ಬದ ವಾರ ಊರ ಹಿರಿಯರೆಲ್ಲ ಕೋಲು ಹಿಡಿದು ಗಡಿಯ ಉದ್ದಕ್ಕೂ ನಡೆಯುತ್ತಾರೆ. ಒಂದು ವರ್ಷ ನಡೆಯದಿದ್ದರೆ ಪಕ್ಕದ ಊರಿನವರು ನುಂಗಿಬಿಡುತ್ತಾರಂತೆ. ಗಡಿ ಕೊಳದೊಳಗೆ ಹೋದರೆ ಕೊಳಕ್ಕೆ ಇಳಿಯಬೇಕು, ಮನೆಯೊಳಗೆ ಹೋದರೆ ಮನೆಗೆ ನುಗ್ಗಬೇಕು. ಅಜ್ಜಿಯ ಮನೆಯಲ್ಲಿ ಗಡಿ ಬಾಗಿಲಿನಿಂದ ಹೋಗುವುದಿಲ್ಲ, ಕಿಟಕಿಯಿಂದ ಹೋಗುತ್ತದೆ. ಹಾಗಾಗಿ ಸ್ಪರ್ಲ್ ವರ್ಷಕ್ಕೊಮ್ಮೆ ಆ ಪುಟ್ಟ ಕಿಟಕಿಯಲ್ಲಿ ತೂರಿ, ಹೊಟ್ಟೆ ಸಿಕ್ಕಿಕೊಂಡು, ಹಿಂದಿನಿಂದ ನಾಲ್ವರ ಕೈಯಲ್ಲಿ ದಬ್ಬಿಸಿಕೊಂಡು, ಬೂಟುಗಾಲಲ್ಲೇ ಅಜ್ಜಿಯ ಮಂಚ ದಾಟಿ, ಎದುರಿನ ಕಿಟಕಿಯಿಂದ ಆಚೆ ಬೀಳುತ್ತಿದ್ದ. ಬಾಗಿಲು ಮಾತ್ರ ತೆರೆದೇ ಇರುತ್ತಿತ್ತು.

"ಅಲ್ಲಪ್ಪಾ ಸ್ಪರ್ಲು, ಬಾಗ್ಲಿಂದ ಬಂದು ಎರಡ್ಹೆಜ್ಜೆ ಪಕ್ಕಕ್ಕೆ ನಡೀಬಾರ್ದಾ? ಕಂಬಳಿ ಎಲ್ಲಾ ಕೆಸರು" ಎಂದು ಅಜ್ಜಿ ಕೇಳಿದರೆ, "ಗಡಿ ಪಕ್ಕಕ್ಕೆ ನಡೆಯಲ್ಲಮ್ಮ" ಎನ್ನುತ್ತಿದ್ದ.

ಅಜ್ಜಿಗೆ ವಯಸ್ಸಾಗಿ ಕೈ ನಡೆಯದಾದಾಗ ಅವಳನ್ನು ಯಾವ ಊರು ಸಾಕಬೇಕು ಎಂಬ ವ್ಯಾಜ್ಯ ಹುಟ್ಟಿತು. ಮಂಚದ ಅರ್ಧ ಇಲ್ಲಿ, ಅರ್ಧ ಅಲ್ಲಿ. ಎರಡು ವರ್ಷ ನಡೆದ ಮೇಲೆ ದೊಡ್ಡ ಕೋರ್ಟಿನ ವಿಗ್ಗು ತೊಟ್ಟವರು ತೀರ್ಪು ಕೊಟ್ಟರು: ಮನುಷ್ಯನಲ್ಲಿ ಮುಖ್ಯವಾದದ್ದು ತಲೆ, ಆದ್ದರಿಂದ ಮಲಗಿದಾಗ ತಲೆ ಎಲ್ಲಿರುತ್ತದೋ ಅವಳ ವಾಸ ಅಲ್ಲಿ. ತೀರ್ಪು ಬಂದ ದಿನವೇ ಸ್ಪರ್ಲ್ ಓಡಿ ಹೋಗಿ ಮಂಚ ತಿರುಗಿಸಿ, ದಿಂಬನ್ನು ಮಿಂಚಮ್ಮಿನ ಕಡೆಗೆ ಇಟ್ಟ. ಮಿಂಚಮ್ಮಿನ ಮೇಲ್ವಿಚಾರಕ ಫ್ರೈ ಬಂದು ಈ ಕಡೆಗೆ ತಿರುಗಿಸಿದ. ವಾರಕ್ಕೆ ಎರಡು ಸಲ ಅಜ್ಜಿಯ ಮಂಚ ಗಿರಕಿ ಹೊಡೆಯಿತು. ಸ್ಪರ್ಲ್ ಕೊನೆಗೆ ಮಂಚದ ಕಾಲುಗಳನ್ನು ನೆಲಕ್ಕೆ ಮೊಳೆ ಹೊಡೆಸಿದ.

ಅವತ್ತು ಸಂಜೆ ಹೆಂಡದಂಗಡಿಯಲ್ಲಿ ಅವನ ಭಾಷಣ ಕೇಳಬೇಕಿತ್ತು. "ನೋಡ್ರಯ್ಯಾ, ಆ ಫ್ರಾನ್ಸಿನೋರು ತಲೆ ಕಡೀತಾರೆ. ನಾವು ಇಂಗ್ಲಿಷ್‌ನೋರು ತಲೆ ಎಲ್ಲಿಡ್ಬೇಕು ಅಂತ ಕಾನೂನು ಪ್ರಕಾರ ತೀರ್ಮಾನ ಮಾಡ್ತೀವಿ. ಸ್ವಾತಂತ್ರ್ಯ ಅನ್ನೋದು ಇದಕ್ಕೆ!" ಎಲ್ಲರೂ ಲೋಟ ಎತ್ತಿದರು. ನಾನು ಬಾಗಿಲಲ್ಲಿ ನಿಂತು ನನ್ನ ಗಂಡನನ್ನು ಎಬ್ಬಿಸಿಕೊಂಡು ಹೋಗಲು ಕಾಯುತ್ತಿದ್ದೆ.

ಜೋಬಿ ಹೋದ ಮರುವರ್ಷ ಮಾರ್ಚಿನಲ್ಲಿ ತಾಮ್ಸಿನ್‌ಳ ಸರದಿ ಬಂತು. ಊರಿನ ಹಿಟ್ಟಿನ ಗಿರಣಿಯವನ ಮನೆಯಲ್ಲಿ ಬೆಣ್ಣೆ ಕಡೆಯುತ್ತಿದ್ದ ಹುಡುಗಿ, ಹತ್ತೊಂಬತ್ತು ವರ್ಷ. ಮದುವೆಯಾಗುತ್ತೇನೆಂದವನು ಕೆಂಪು ಕೋಟು ತೊಟ್ಟು ಯುದ್ಧಕ್ಕೆ ಹೋಗಿ ಅಲ್ಲೇ ಮಣ್ಣಾದ. ಬೆಳಿಗ್ಗೆ ಹತ್ತು ಗಂಟೆಗೆ ನೋವು ಶುರುವಾಯಿತು, ಹತ್ತೂವರೆಗೆ ಗಾಡಿ ಬಾಗಿಲಲ್ಲಿತ್ತು. ಅವಳು ಗಾಡಿಯಲ್ಲಿ ನನ್ನ ಕೈ ಹಿಸುಕಿ ಹಿಡಿದು ಒಂದೇ ಮಾತು ಹೇಳುತ್ತಿದ್ದಳು: "ಹೆಸ್ಟರಮ್ಮ, ಜೋಬಿ ಥರ ಆಗೋದು ಬೇಡ. ನನ್ನ ಮಗೂನ ಈ ಕಡೇನೇ ಹುಟ್ಸಮ್ಮ. ಏನಾದ್ರೂ ಮಾಡಮ್ಮ."

ನಾನೇನು ಮಾಡಲಿ? ಗಾಡಿ ಹೊಡೆಯುವವನು ಸ್ಪರ್ಲ್.

ಸೇತುವೆಯ ಹತ್ತಿರ ಬಂದರೆ ಅಲ್ಲಿ ಮಿಂಚಮ್ಮಿನ ಫ್ರೈ, ಆರು ಜನ ದೊಣ್ಣೆ ಹಿಡಿದವರ ಜೊತೆ ಅಡ್ಡಲಾಗಿ ನಿಂತಿದ್ದಾನೆ. ಅವನೂ ಇದೇ ಹುದ್ದೆಯವನು, ಆದರೆ ದನ ಸಾಕುವವನು, ಮನೆ ತುಂಬ ಮಕ್ಕಳು.

"ವಾಪಸ್ ತಿರುಗ್ಸಯ್ಯಾ ಸ್ಪರ್ಲು. ನಿಮ್ಮೂರ ಸರಕು ನಿಮ್ಮೂರಲ್ಲೇ ಇಳಿಸ್ಕೋ."

"ಇದು ಅರಸರ ರಸ್ತೆ! ಅಡ್ಡ ನಿಲ್ಲೋಕೆ ನೀನ್ಯಾರು?"

"ಹಾಗಾದ್ರೆ ಅರಸರನ್ನೇ ಕರ್ಕೊಂಡ್ ಬಾ, ಅವರೇ ಹೆರಿಗೆ ಮಾಡ್ಸಲಿ."

ಇವರ ಜಗಳದ ನಡುವೆ ತಾಮ್ಸಿನ್ ಕಿರುಚಿಕೊಂಡಳು. ಇನ್ನು ಸಮಯವಿಲ್ಲ ಎಂದು ನನಗೆ ಗೊತ್ತಾಯಿತು. "ಯಜಮಾನ್ರೇ, ಎಲ್ಲಾದ್ರೂ ಸೂರಿನ ಕೆಳಗೆ ಕರ್ಕೊಂಡ್ ಹೋಗಿ, ಇಲ್ಲಾಂದ್ರೆ ನಿಮ್ಮ ಗಾಡೀಲೇ ಆಗತ್ತೆ" ಅಂದೆ. ತನ್ನ ಗಾಡಿಯಲ್ಲೇ ಎಂದದ್ದಕ್ಕೆ ಸ್ಪರ್ಲ್‌ನ ಮುಖ ಬಿಳಿಚಿಕೊಂಡಿತು. ಸುತ್ತ ನೋಡಿದ. ಡಾರ್ಕಸ್ ಅಜ್ಜಿಯ ಗುಡಿಸಲು ಕಂಡಿತು. ಕಂಡದ್ದೇ ತಡ, ಆ ಮುಖದ ಮೇಲೆ ನಗು ಅರಳಿತು. ಅಂಥ ಕೊಳಕು ನಗುವನ್ನು ನಾನು ಇನ್ನೊಬ್ಬರ ಮುಖದಲ್ಲಿ ಕಂಡಿಲ್ಲ.

"ಮಂಚ! ಮಂಚದ ಮೇಲೆ ಮಲಗಿಸ್ರೇ! ತಲೆ ಮಿಂಚಮ್ ಕಡೆ!"

ಅಜ್ಜಿಯನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದೆವು. ಮಂಚವಂತೂ ಮೊಳೆ ಹೊಡೆದು ಸಿದ್ಧವಾಗಿಯೇ ಇತ್ತು, ದಿಂಬು ಮಿಂಚಮ್ಮಿನಲ್ಲಿ. ಸ್ಪರ್ಲ್ ಸುಣ್ಣದ ತುಂಡು ತೆಗೆದು ಈ ಕಿಟಕಿಯಿಂದ ಆ ಕಿಟಕಿಗೆ ನೆಲದ ಮೇಲೆ ಗೆರೆ ಎಳೆದ. ಗೆರೆ ಮಂಚದ ನಡುಮಧ್ಯೆ ಅಡ್ಡಲಾಗಿ ಹಾದು ಹೋಯಿತು. ತಾಮ್ಸಿನ್ ಮಲಗಿದಳು. ಅವಳ ಸೊಂಟ ಗೆರೆಗಿಂತ ಒಂದು ಮೊಳ ಕೆಳಗಿತ್ತು. ನಾನು ಗೆರೆ ನೋಡಿದೆ, ಅವಳನ್ನು ನೋಡಿದೆ, ಸ್ಪರ್ಲ್‌ನನ್ನು ನೋಡಿದೆ.

"ತಲೆ ಆ ಕಡೇನೇ ಇರ್ಬೇಕಾ ಯಜಮಾನ್ರೇ? ಚೆನ್ನಾಗ್ ಯೋಚ್ನೆ ಮಾಡಿ ಹೇಳಿ" ಅಂದೆ. ಆಮೇಲೆ ಯಾರೂ ನನ್ನನ್ನು ಮೋಸಗಾತಿ ಅನ್ನಬಾರದು ನೋಡಿ.

"ನಂಗೇ ಕಾನೂನು ಹೇಳ್ಕೊಡ್ತೀಯಾ ಮುದುಕಿ? ತಲೆ! ತಲೆ ಎಲ್ಲಿದ್ರೆ ಮನುಷ್ಯ ಅಲ್ಲಿ! ದೊಡ್ಡ ಕೋರ್ಟಿನ ತೀರ್ಪು!"

"ನೀವು ಹೇಳಿದ ಹಾಗೇ ಆಗಲಿ."

ತಾಮ್ಸಿನ್ ಅಳುತ್ತಾ ಮೇಲೇಳಲು ನೋಡಿದಳು. "ಬೇಡಮ್ಮ, ಈ ಕಡೆ ತಿರುಗ್ಸಮ್ಮ" ಎಂದು ಕೈಮುಗಿದಳು. ನಾನು ಅವಳ ಭುಜ ಒತ್ತಿ ಹಿಡಿದು ಕಿವಿಯಲ್ಲಿ, "ಬಾಯಿ ಮುಚ್ಕೊಂಡು ಮಲಗೇ ಹುಚ್ಚಿ. ಇದ್ದ ಹಾಗೇ ಇರು, ಒಂದಿಂಚೂ ಅಲ್ಲಾಡ್ಬೇಡ" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ನಾನೂ ಅವನ ಕಡೆಯವಳೇ ಎಂದುಕೊಂಡಳು. ಆ ಕಣ್ಣು ನೆನೆಸಿಕೊಂಡರೆ ಈಗಲೂ ನನಗೆ ಸಂಕಟವಾಗುತ್ತದೆ.

ಅಷ್ಟಕ್ಕೇ ಸುಮ್ಮನಿರುವವನೇ ಸ್ಪರ್ಲ್? ಫ್ರೈಯನ್ನು ಸಾಕ್ಷಿಗೆ ಕೂಗಿ ಕರೆದ. ಫ್ರೈ ಬಾಗಿಲಲ್ಲಿ ತಲೆ ಹಾಕಿ ನೋಡಿದ. ದಿಂಬು ನೋಡಿದ, ಸುಣ್ಣದ ಗೆರೆ ನೋಡಿದ, ಆ ಹುಡುಗಿಯ ಮೊಣಕಾಲುಗಳು ಯಾವ ಊರಿನಲ್ಲಿವೆ ಎಂದು ನೋಡಿದ. ಆಮೇಲೆ ನನ್ನ ಮುಖ ನೋಡಿದ. ಗಡ್ಡ ಕೆರೆದುಕೊಂಡ.

"ಒಪ್ಕೋತೀಯಾ, ತಲೆ ನಿಮ್ಮ ನೆಲದ ಮೇಲಿದೆ ಅಂತ?"

"ಅದರಲ್ಲೇನಿದೆ, ಧಾರಾಳವಾಗಿ ಒಪ್ಕೋತೀನಿ. ತಲೆ ನಮ್ಮದೇ. ಮಿಕ್ಕಿದ್ದು ನಿಮ್ಮದು" ಅಂದ ಫ್ರೈ.

ಸ್ಪರ್ಲ್ ಜೇಬಿನಿಂದ ಕಾಗದ ತೆಗೆದು ಬರೆದ: ಹೆರಿಗೆಯ ಹೊತ್ತಿನಲ್ಲಿ ಹೆಂಗಸಿನ ತಲೆ ಪೂರ್ತಿಯಾಗಿ ಮಿಂಚಮ್ಮಿನಲ್ಲಿಯೂ, ಎದೆಯಿಂದ ಕೆಳಗೆ ಪೂರ್ತಿಯಾಗಿ ಕೋಲ್ಡರ್ಟನ್ನಿನಲ್ಲಿಯೂ ಇತ್ತು, ಇದನ್ನು ನಾನು ಖುದ್ದಾಗಿ ಅಳೆದು ನೋಡಿದ್ದೇನೆ. ಕೆಳಗೆ ಸಹಿ ಹಾಕಿದ. ಫ್ರೈ ಸಹಿ ಹಾಕಿದ. ನಾನು ಸಹಿ ಬಾರದವಳು, ಅದರ ಬದಲು ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಎಳೆದೆ. ಕಾಗದ ಒಣಗುವ ಮೊದಲೇ ಅವಳು ಮತ್ತೆ ಕೂಗಿಕೊಂಡಳು. ಸ್ಪರ್ಲ್ ಕಿವಿ ಮುಚ್ಚಿಕೊಂಡು ಓಡಿದ. ಹದಿನಾಲ್ಕು ವರ್ಷ ಇಡೀ ಊರಿನ ಹೆರಿಗೆಗಳನ್ನು ಆಳಿದ ಮನುಷ್ಯ, ಒಂದನ್ನಾದರೂ ಕಣ್ಣಿನಿಂದ ನೋಡಿದವನಲ್ಲ.

ಹೆಣ್ಣು ಮಗು. ನೆಟ್ಟಗೆ ನನ್ನ ಕೈಗೆ ಬಂತು, ಕೋಲ್ಡರ್ಟನ್ನಿಗೆ.

ಮಗುವಿನ ಖರ್ಚು ಮಿಂಚಮ್ ಕೊಡಬೇಕು, ಏಳು ತುಂಬಿದ ಮೇಲೆ ಮಗುವನ್ನು ಕೊಂಡೊಯ್ಯಬೇಕು ಎಂದು ಸ್ಪರ್ಲ್ ದೂರು ಹಾಕಿದ. ಫ್ರೈ ಒಪ್ಪಲಿಲ್ಲ. ವ್ಯಾಜ್ಯ ನಮ್ಮ ಸೀಮೆಯ ನ್ಯಾಯಾಧಿಕಾರಿ ಸರ್ ರೋಲಂಡ್ ಅವರ ಮುಂದೆ ಬಂತು. ನ್ಯಾಯ ಎಂದರೆ ಏನು ದೊಡ್ಡ ಸಭೆ ಎಂದುಕೊಳ್ಳಬೇಡಿ. ಅವರ ಮನೆಯ ಊಟದ ಕೋಣೆ, ಅವರಿಗೆ ಕಾಲುನೋವು, ಪಾದವನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದರು. ಬೇಗ ಮುಗಿಸಿ ನರಿ ಬೇಟೆಯ ನಾಯಿಗಳನ್ನು ನೋಡಲು ಹೋಗಬೇಕಿತ್ತು. ತಾಮ್ಸಿನ್ ಮಗುವನ್ನು ಎದೆಗವಚಿಕೊಂಡು ಮೂಲೆಯಲ್ಲಿ ನಿಂತಿದ್ದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಸ್ಪರ್ಲ್ ಮೊದಲು ನಮ್ಮ ಪ್ರಾಚೀನ ಕಾನೂನುಗಳನ್ನು ಹೊಗಳಿದ, ದೊಡ್ಡ ಕೋರ್ಟಿನ ತೀರ್ಪನ್ನು ಗಟ್ಟಿಯಾಗಿ ಓದಿದ, ಆಮೇಲೆ ತನ್ನ ಕಾಗದವನ್ನು ಓದಿದ. ಎದೆಯಿಂದ ಕೆಳಗೆ ಕೋಲ್ಡರ್ಟನ್ ಎಂಬಲ್ಲಿಗೆ ಬಂದಾಗ ಸರ್ ರೋಲಂಡ್ ಕಣ್ಣು ತೆರೆದರು.

"ಇದನ್ನ ಬರೆದೋನು ನೀನೇನಾ?"

"ನಾನೇ ಸ್ವಾಮಿ. ಖುದ್ದಾಗಿ ಅಳೆದಿದ್ದೀನಿ."

"ಏಯ್ ಸೂಲಗಿತ್ತಿ, ಇಲ್ಲಿ ಬಾ. ಮಗು ಹುಟ್ಟಿದಾಗ ಗೆರೆಯ ಯಾವ ಕಡೆ ಇತ್ತು?"

ಬೈಬಲ್ ಮುಟ್ಟಿದೆ. "ಕೋಲ್ಡರ್ಟನ್ ಕಡೆ ಸ್ವಾಮಿ. ಗೆರೆಯಿಂದ ಒಂದು ಮೊಳ ಈಚೆಗೆ."

"ಆದ್ರೆ ತಲೆ!" ಎಂದ ಸ್ಪರ್ಲ್. "ತಲೆ ಮಿಂಚಮ್‌ನಲ್ಲಿ ಇತ್ತಲ್ಲ ಸ್ವಾಮಿ! ತೀರ್ಪಿದೆ!"

"ಅದು ಮಲಗೋರ ತೀರ್ಪು ಕಣಯ್ಯಾ. ನಿಮ್ಮೂರಲ್ಲಿ ಮಕ್ಕಳು ಎಲ್ಲಿಂದ ಹುಟ್ತಾವೆ? ತಾಯಿ ಕಿವಿಯಿಂದಾನಾ?"

ಮೊದಲು ನಕ್ಕವನು ಫ್ರೈ. ಆಮೇಲೆ ಗುಮಾಸ್ತ, ಆಮೇಲೆ ಬಾಗಿಲು ಕಾಯುವವನು. ಸರ್ ರೋಲಂಡ್ ನಕ್ಕ ರಭಸಕ್ಕೆ ಪಾದ ದಿಂಬಿನಿಂದ ಜಾರಿ ನೋವಿನಿಂದ ಕೂಗಿಕೊಂಡರು, ಕೂಗಿಕೊಂಡು ಮತ್ತೆ ನಕ್ಕರು. ಸ್ಪರ್ಲ್‌ನ ಕಿವಿಗಳು ಸುಟ್ಟ ಇಟ್ಟಿಗೆಯ ಹಾಗಾದವು. ಮಗು ಕೋಲ್ಡರ್ಟನ್ನಿನದು ಎಂದು ಗುಮಾಸ್ತ ಬರೆದುಕೊಂಡ. ತಾಮ್ಸಿನ್‌ಗೆ ತೀರ್ಪು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆದಾಗ ಅಲ್ಲೇ ನೆಲದ ಮೇಲೆ ಕುಸಿದು ಕೂತು ನನ್ನ ಲಂಗದ ಅಂಚು ಹಿಡಿದುಕೊಂಡು ಅತ್ತಳು.

ನೆಂಟಸ್ತಿಕೆ, ಧರ್ಮ, ಕರುಣೆ ಯಾವುದಕ್ಕೂ ಜಗ್ಗದ ನಮ್ಮ ಹಿರಿಯರು ಪಕ್ಕದೂರಿನವರ ನಗುವಿಗೆ ಜಗ್ಗಿದರು. ಸಂತೆಗೆ ಹೋದಲ್ಲೆಲ್ಲ "ಕಿವಿಯಿಂದ ಹುಟ್ಟಿದೋರು ಬಂದ್ರು" ಎಂದು ಹುಡುಗರು ಕೂಗತೊಡಗಿದ ಮೇಲೆ, ಈಸ್ಟರ್ ಸಭೆಯಲ್ಲಿ ಸ್ಪರ್ಲ್‌ನನ್ನು ಕೈಬಿಟ್ಟರು. ಅವನು ಮಾಡಿದ ಪಾಪಕ್ಕಲ್ಲ, ನಗೆಪಾಟಲಿಗೆ! ನಂತರ ಬಂದವನು ಸೋಮಾರಿ. ಗಾಡಿ ಕಟ್ಟಲು ಅವನಿಗೆ ಬೇಸರವಾದ್ದರಿಂದ ನಾಲ್ಕಾರು ತಾಯಂದಿರು ತಮ್ಮ ಮನೆಯಲ್ಲೇ ಹೆತ್ತರು. ಸ್ಪರ್ಲ್ ಅದೇ ಗಾಡಿಯಲ್ಲಿ ಬತ್ತಿ ಮಾರಿಕೊಂಡು ತಿರುಗಿದ.

ತಾಮ್ಸಿನ್‌ಳ ಮಗಳು ಫೀಬಿಗೆ ಏಳು ತುಂಬಿದ ದಿನ ನಾನು ಅವರ ಮನೆಯಲ್ಲಿದ್ದೆ. ತಾಮ್ಸಿನ್ ಬೆಳಿಗ್ಗೆಯಿಂದ ಅಗಳಿ ಹಾಕಿಕೊಂಡು ಕೂತಿದ್ದಳು. "ತೀರ್ಪು ನಮ್ಮ ಕಡೆ ಇದೆ ಕಣೇ" ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಮಧ್ಯಾಹ್ನ ಬೀದಿಯಲ್ಲಿ ಎಡಚಕ್ರ ಕಿರುಚಿತು. ತಾಮ್ಸಿನ್ ಮಗಳನ್ನು ಎಷ್ಟು ಬಿಗಿಯಾಗಿ ತಬ್ಬಿಕೊಂಡಳೆಂದರೆ ಮಗು ಉಸಿರು ಕಟ್ಟಿ ಅತ್ತಿತು. ಗಾಡಿ ನಮ್ಮ ಬಾಗಿಲಲ್ಲೇ ನಿಂತಿತು. ನಾನೇ ಹೋಗಿ ಅಗಳಿ ತೆಗೆದೆ.

"ಬತ್ತಿ ಬೇಕಾ?" ಎಂದ ಸ್ಪರ್ಲ್. ಮುದುಕನಾಗಿದ್ದ. ನನ್ನ ಗುರುತು ಹಿಡಿದ. "ಹೆಸ್ಟರಮ್ಮ, ಒಂದ್ ಮಾತು ಕೇಳ್ಲಾ? ಅವತ್ತು ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ಯಾಕ್ ಹೇಳ್ಲಿಲ್ಲ?"

"ನೀವು ತಲೆ ವಿಷ್ಯ ಮಾತ್ರ ಕೇಳಿದ್ರಿ. ಜೋಬಿಯ ಋಣ ನನ್ನ ಮೇಲಿತ್ತು ಯಜಮಾನ್ರೇ. ನಿಮ್ಮ ಮೇಲೂ ಇದೆ."

ಅವನು ಬತ್ತಿಯ ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡು ನನ್ನ ಮುಖ ನೋಡಿದ. ನಾಟಕವಲ್ಲ, ನಾನು ಮುಖಗಳನ್ನು ಬಲ್ಲವಳು. ನಿಜವಾಗಿಯೂ ಯೋಚಿಸಿದ, ಹಣೆ ಸುಕ್ಕುಗಟ್ಟಿಸಿಕೊಂಡು ಯೋಚಿಸಿದ.

"ಯಾವ ಜೋಬಿ?" ಎಂದ.

ನಾನು ಬಾಗಿಲು ಹಾಕಿಕೊಂಡೆ.